ಇಂಜಿನ್ ಹೋದ ಲಾರಿಗೆ ಡೀಲರ್ ಹೇಳಿದ ಆರೂವರೆ ಲಕ್ಷ

ಪ್ರಶ್ನೆ: ನಾನು ಸೇಡಂ ಕಡೆಯವನು. 2019ರ ಮಾಡೆಲ್ ಹತ್ತು ಟೈರಿನ ಲಾರಿ ಇದೆ, ಬಿಎಸ್ 4 (ಹಳೇ ಹೊಗೆ ಮಾನದಂಡದ) ಗಾಡಿ. 5.4 ಲಕ್ಷ ಕಿಲೋಮೀಟರ್ ಓಡಿದೆ. ವರ್ಷವಿಡೀ ಸಿಮೆಂಟ್ ಲೋಡು, ತೊಗರಿ ಸುಗ್ಗಿಯಲ್ಲಿ ದಾಲ್‌ಮಿಲ್ಲಿನ ಬಾಡಿಗೆ. ಹೋದ ತಿಂಗಳು ಬೀದರಿಗೆ ಹೋಗುವಾಗ ಕಮಲಾಪುರ ದಾಟಿದ ಮೇಲೆ ಗಾಡಿ ಹೀಟ್ ಆಯಿತು. ಡ್ರೈವರ್ ನೀರು ಹಾಕಿ ಹಾಗೇ ಓಡಿಸಿದ. ಹುಮನಾಬಾದ್ ಹತ್ತಿರ ಇಂಜಿನ್ ಜಾಮ್ ಆಗಿ ನಿಂತುಬಿಟ್ಟಿತು. ಈಗ ಅಲ್ಲೇ ಒಂದು ಗ್ಯಾರೇಜಿನಲ್ಲಿದೆ. ಮಿಸ್ತ್ರಿ ಇನ್ನೂ ಬಿಚ್ಚಿಲ್ಲ. ಎರಡೂವರೆಯಿಂದ ಮೂರು ಲಕ್ಷ ಆಗಬಹುದು ಅನ್ನುತ್ತಾರೆ. ಹಳೇ ಗಾಡಿ ಸಹವಾಸ ಸಾಕು ಅನಿಸಿ ಕಲಬುರಗಿಯಲ್ಲಿ ಡೀಲರ್ ಹತ್ತಿರ ಹೋದೆ. ಹೊಸ ಗಾಡಿ ಬಾಡಿ ಸಮೇತ ಆನ್‌ರೋಡ್ 38 ಲಕ್ಷ ಅಂದರು. ಹಳೇದಕ್ಕೆ ನಿಂತಲ್ಲೇ ಆರೂವರೆ ಲಕ್ಷ, ಮೇಲೆ 50,000 ಎಕ್ಸ್‌ಚೇಂಜ್ ಬೋನಸ್. ಓಡುವ ಸ್ಥಿತಿಯಲ್ಲಿ ಇಂಥ ಗಾಡಿ ಹನ್ನೆರಡರ ಹತ್ತಿರ ಹೋಗುತ್ತದೆ ಅಂತ ಕೇಳಿದ್ದೇನೆ. ಸಾಲ ಇನ್ನೂ 2.2 ಲಕ್ಷ ಬಾಕಿ ಇದೆ. ರಿಪೇರಿ ಮಾಡಿಸಿ ಕೊಡಲೋ, ಹಾಗೇ ಕೊಡಲೋ? ನಮ್ಮ ಮಾವ ಹೇಳುತ್ತಾರೆ: ಸ್ವಲ್ಪ ಖರ್ಚು ಮಾಡಿ ಸ್ಟಾರ್ಟ್ ಆಗುವ ಹಾಗೆ ಮಾಡು, ಇಂಜಿನ್ ಹೋಗಿತ್ತು ಅಂತ ಬಾಯಿ ಬಿಡಬೇಡ. ಡೀಲರ್ ಈ ವಾರದೊಳಗೆ ಹೇಳಿ ಅಂದಿದ್ದಾರೆ, ಫಾರಂಗಳಿಗೆ ಸಹಿಯನ್ನೂ ಕೇಳಿದ್ದಾರೆ.

ಉತ್ತರ: ಮೊದಲು ಸಹಿಯ ವಿಷಯ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಯಾಕೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಪೆನ್ನು ಜೇಬಲ್ಲೇ ಇರಲಿ.

ಆರೂವರೆ ಲಕ್ಷ ಅನ್ಯಾಯದ ಮಾತೇನಲ್ಲ. ಇಂಜಿನ್ ಜಾಮ್ ಆದ, ಯಾರೂ ಬಿಚ್ಚಿ ನೋಡದ ಗಾಡಿಗೆ ಮೊದಲ ಮಾತು ಹೀಗೇ ಬರುತ್ತದೆ. ಆದರೆ ಅದು ಮೊದಲ ಮಾತು ಮಾತ್ರ. ಇವತ್ತೇ ಹೋಗಿ ‘ಏಳೂವರೆ ಮಾಡ್ರಿ’ ಅಂತ ಚೌಕಾಸಿಗೆ ಕೂತರೆ 20,000ವೋ 30,000ವೋ ಏರಿಸಿ ಚಹಾ ಕುಡಿಸಿ ಕಳಿಸುತ್ತಾರೆ. ನಿಮ್ಮ ಹತ್ತಿರ ಈಗ ಎರಡು ಲೆಕ್ಕ ಇಲ್ಲ. ಇಂಜಿನ್ನಿನಲ್ಲಿ ಹೋಗಿರುವುದು ಏನು ಅನ್ನೋದು ಒಂದು. ಹಳೇ ಗಾಡಿಯ ಮಾತೇ ಎತ್ತದೆ ಹೊಸ ಗಾಡಿ ಕೇಳಿದರೆ ಅದರ ಖರೆ ರೇಟು ಎಷ್ಟು ಅನ್ನೋದು ಇನ್ನೊಂದು. ಇವೆರಡೂ ಗೊತ್ತಿಲ್ಲದೆ ಮಾತಿಗೆ ಕೂತರೆ ಲಾಭ ಡೀಲರಿಗೇ.

ಆ ಆರೂವರೆ ಎಲ್ಲಿಂದ ಬಂತು ನೋಡಿ. ಶೋರೂಮಿನ ಹುಡುಗ ನಿಮ್ಮ ಹಳೇ ಗಾಡಿಗೆ ತಾನೇ ಬೆಲೆ ಕಟ್ಟುವುದಿಲ್ಲ. ನಾಲ್ಕು ಫೋಟೊ, ಆರ್‌ಸಿಯ ಒಂದು ಫೋಟೊ ತೆಗೆದು ಹಳೇ ಗಾಡಿ ದಲ್ಲಾಳಿಗಳಿಗೆ ವಾಟ್ಸ್‌ಆಪ್ ಮಾಡುತ್ತಾನೆ. ಅವರು ಕಲಬುರಗಿಯವರೇ ಇರಬಹುದು, ಸೊಲ್ಲಾಪುರ, ಹೈದರಾಬಾದ್ ಕಡೆಯವರೂ ಇರಬಹುದು. ದಲ್ಲಾಳಿಯ ಲೆಕ್ಕ ಸರಳ. ಗಾಡಿ ಓಡಿದರೆ ಎಷ್ಟು ಬರುತ್ತದೆ? ಅದರಲ್ಲಿ ಇಂಜಿನ್ ಖರ್ಚು ಕಳೆ, ಎಳೆದು ತರುವ ಖರ್ಚು ಕಳೆ, ತನ್ನ ಲಾಭ ಕಳೆ. ಇಂಜಿನ್ ಬಿಚ್ಚಿಲ್ಲವಲ್ಲ, ಹಾಗಾಗಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ), ಬ್ಲಾಕ್ (ಇಂಜಿನ್ನಿನ ಮೂಲ ಎರಕ) ಎಲ್ಲ ಹೋಗಿದೆ ಅಂತಲೇ ಹಿಡಿಯುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತೇನೆ. ಅವನು ಹೇಳಿದ ಬೆಲೆಯಲ್ಲಿ ಡೀಲರ್ ತನ್ನ ಪಾಲು ತೆಗೆದು ಉಳಿದದ್ದನ್ನು ನಿಮಗೆ ಹೇಳುತ್ತಾನೆ. ಕೆಟ್ಟಿರುವುದು ಹೆಡ್ಡು (ಬ್ಲಾಕಿನ ಮೇಲೆ ಕೂರುವ ಮುಚ್ಚಳದ ಭಾಗ) ಮಾತ್ರ ಆಗಿದ್ದರೂ ನೀವು ಪೂರ್ತಿ ಇಂಜಿನ್ನಿನ ದಂಡ ಕಟ್ಟಿದ ಹಾಗಾಯಿತು, ಅಲ್ವಾ?

ಹಾಗಾಗಿ ಇಂಜಿನ್ ಬಿಚ್ಚಿಸಿ. ಕಲಬುರಗಿಗೆ ಎಳೆತರುವುದು ಬೇಡ, ಈಗ ಇರುವಲ್ಲೇ ಆಗಲಿ. ಬಿಚ್ಚುವ ಕೂಲಿಗೆ ಕೆಲವು ಸಾವಿರ ಹೋಗುತ್ತದೆ. ಈ ಇಡೀ ವ್ಯವಹಾರದಲ್ಲಿ ಅಷ್ಟು ಸಣ್ಣ ಖರ್ಚಿನಿಂದ ಅಷ್ಟು ದೊಡ್ಡ ಉಪಯೋಗ ಆಗುವ ಕೆಲಸ ಇನ್ನೊಂದಿಲ್ಲ. (ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: ನಿಮ್ಮ ಗಾಡಿ ಹೊಸದಾಗಿದ್ದು ವಾರಂಟಿ ಇನ್ನೂ ಇದ್ದರೆ ಹೊರಗಿನ ಮಿಸ್ತ್ರಿಯಿಂದ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಕಂಪನಿ ಸರ್ವಿಸ್ ಸೆಂಟರಿನವರು ನೋಡಿ ಬರೆದುಕೊಡಲಿ. ಹೊರಗೆ ಬಿಚ್ಚಿದ ಇಂಜಿನ್ನಿಗೆ ವಾರಂಟಿ ಕೇಳಿದರೆ ಕೈ ಎತ್ತಿಬಿಡುತ್ತಾರೆ. 2019ರ ಗಾಡಿಗೆ ಆ ಆಸೆ ಕಡಿಮೆ. ಆದರೂ ವಾರಂಟಿ ಪುಸ್ತಕದಲ್ಲಿ ವರ್ಷ, ಕಿಲೋಮೀಟರ್ ಎರಡನ್ನೂ ಒಮ್ಮೆ ನೋಡಿಕೊಳ್ಳಿ.)

ಬಿಚ್ಚುವ ದಿನ ನೀವೇ ಎದುರಿಗೆ ನಿಲ್ಲಿ. ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡು ಬೆಂಡ್ ಆಗಿರಬಹುದು, ಕ್ರ್ಯಾಕ್ ಬಿಟ್ಟಿರಬಹುದು. ಇಂಜೆಕ್ಟರ್‌ಗಳನ್ನು ಬಿಚ್ಚಿಸಿ, ಆಮೇಲೆ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿ ನೋಡಲಿ. ಸ್ಟಾರ್ಟರ್ ಹೊಡೆಯಲು ಬಿಡಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಸ್ಟಾರ್ಟರಿನ ಹೊಡೆತಕ್ಕೆ ಕನೆಕ್ಟಿಂಗ್ ರಾಡ್ ಬೆಂಡ್ ಆಗುತ್ತದೆ, ಇದ್ದದ್ದೂ ಹೋಗುತ್ತದೆ. ಹೀಟ್ ಆಗಿ ಜಾಮ್ ಆದ ಇಂಜಿನ್ ಎಷ್ಟೋ ಸಲ ತಣ್ಣಗಾದ ಮೇಲೆ ಕೈಯಲ್ಲಿ ತಿರುಗುತ್ತದೆ. ಶಾಖಕ್ಕೆ ಪಿಸ್ಟನ್ ಹಿಗ್ಗಿ ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಕಚ್ಚಿಕೊಂಡಿರುತ್ತದೆ, ಆರಿದ ಮೇಲೆ ಬಿಡುತ್ತದೆ. ತಿರುಗಿತು ಅಂದರೆ ಕ್ರ್ಯಾಂಕ್ ಉಳಿದಿರುವ ಆಸೆ ಇದೆ. ಎಷ್ಟು ಬಲ ಹಾಕಿದರೂ ಜಗ್ಗದಿದ್ದರೆ ಕೆಳಗೆ ನೋಡಬೇಕು.

ಕೆಳಗೆ ಅಂದರೆ ಆಯಿಲ್ ಚೇಂಬರ್. ಹಳೇ ಆಯಿಲನ್ನು ಶುದ್ಧವಾದ ಬಕೆಟ್ಟಿಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಆಯಿಲಿನಲ್ಲಿ ಮಿಣಮಿಣ ಹೊಳೆದರೆ ಬೇರಿಂಗ್ ಕರಗಿ ಅದರ ಚೂರು ಸೇರಿದೆ ಅಂತ ಅರ್ಥ. ಚೇಂಬರ್ ಬಿಚ್ಚಿಸಿ ಬಿಗ್‌ಎಂಡ್ ಬೇರಿಂಗಿನ ಕ್ಯಾಪ್ ಒಂದೊಂದಾಗಿ ತೆಗೆಸಿ, ಕ್ರ್ಯಾಂಕಿನ ಜರ್ನಲ್ (ಬೇರಿಂಗ್ ಕೂರುವ ನುಣುಪಾದ ಜಾಗ) ಮೇಲೆ ಉಗುರು ಎಳೆಯಿರಿ. ಉಗುರು ಗೀರಿಗೆ ಸಿಕ್ಕಿಕೊಂಡರೆ ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಗಬೇಕು. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಸುಟ್ಟಿದೆ, ಗ್ರೈಂಡಿಂಗಿಗೂ ಭರವಸೆ ಕಡಿಮೆ. ಮೇಲೆ ಹೆಡ್ಡು ಎತ್ತಿದಾಗ ಎಲ್ಲ ಬೋರಿನ ಗೋಡೆ ನೋಡಿ. ಉದ್ದಕ್ಕೆ ಗೀರು ಬಿದ್ದಿದ್ದರೆ ಪಿಸ್ಟನ್, ಲೈನರ್ (ಬೋರಿನೊಳಗೆ ಕೂರುವ ಕೊಳವೆ) ಕಿಟ್ ಹೋಯಿತು. ಕೆಲವು ಇಂಜಿನ್‌ಗಳಿಗೆ ಲೈನರ್ ಇರುವುದೇ ಇಲ್ಲ, ಬ್ಲಾಕನ್ನೇ ಲೇತಿಗೆ ಕೊಟ್ಟು ಬೋರ್ ಹೊಡೆಸಬೇಕಾಗುತ್ತದೆ. ನಿಮ್ಮದು ಯಾವುದು ಅಂತ ಮಿಸ್ತ್ರಿಗೆ ಗೊತ್ತಿರುತ್ತದೆ. ಬ್ಲಾಕಿನ ಹೊರಗೋಡೆಯಲ್ಲಿ ತೂತು, ಬಿರುಕು ಇದೆಯಾ ಟಾರ್ಚ್ ಹಿಡಿದು ನೋಡಿ.

ಪ್ರತಿಯೊಂದಕ್ಕೂ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಿ ಬ್ಲಾಕ್ ಮೇಲಿನ ಇಂಜಿನ್ ನಂಬರ್ ಓದುವ ಹಾಗಿರಬೇಕು. ಆಗ ‘ಈ ಫೋಟೊ ಬೇರೆ ಗಾಡಿದು’ ಅನ್ನುವ ಮಾತು ಬರುವುದಿಲ್ಲ. ಬಿಚ್ಚಿದ ಸಾಮಾನು ಒಂದೂ ಕಳೆಯಬಾರದು. ಟರ್ಬೊ, ಇಂಜೆಕ್ಟರ್, ಫ್ಯೂಯಲ್ ಪಂಪ್, ಆಲ್ಟರ್ನೇಟರ್ ಇವಕ್ಕೆಲ್ಲ ಬಿಡಿಯಾಗಿಯೂ ಬೆಲೆ ಇದೆ. ಪಟ್ಟಿ ಮಾಡಿ, ಮಿಸ್ತ್ರಿಯ ಸಹಿ ಹಾಕಿಸಿ, ಗೋಣಿಚೀಲದಲ್ಲಿ ಕಟ್ಟಿ ಕ್ಯಾಬಿನ್ ಒಳಗಿಡಿ.

ಬಿಚ್ಚಿದ ಮೇಲೆ ನಿಮ್ಮ ಗಾಡಿ ಮೂರರಲ್ಲಿ ಒಂದು ಗುಂಪಿಗೆ ಬೀಳುತ್ತದೆ. ಹೆಡ್ಡು, ಗ್ಯಾಸ್ಕೆಟ್ಟಿನ ಕೆಲಸ ಮಾತ್ರ ಆಗಿದ್ದರೆ ಮರುಮಾತಿಲ್ಲ: ಮಾಡಿಸಿ, ಓಡಿಸಿ, ಓಡುವ ಗಾಡಿ ಅಂತಲೇ ಮಾರಿ. ಬ್ಲಾಕು, ಕ್ರ್ಯಾಂಕು ಎರಡೂ ಹೋಗಿದ್ದರೂ ಮರುಮಾತಿಲ್ಲ: ಖರ್ಚು ಮಾಡದೆ ಹಾಗೇ ಕೊಡಿ. ಬ್ಲಾಕ್ ಬದಲಾದರೆ ಇಂಜಿನ್ ನಂಬರೂ ಬದಲಾಗುತ್ತದೆ. ಅದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಮೊದಲೇ ಅನುಮತಿ ಪಡೆಯದೆ ಇಂಜಿನ್ ಬದಲಿಸಿದ್ದರೆ 14 ದಿನದೊಳಗೆ ವರದಿ ಮಾಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಮಾರಲು ಹೊರಟ ಗಾಡಿಗೆ ಆ ಓಡಾಟ ಯಾಕೆ?

ತಲೆನೋವು ಇರುವುದು ನಡುವಿನ ಗುಂಪಿನಲ್ಲಿ. ಪಿಸ್ಟನ್, ಲೈನರ್ ಕಿಟ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ಡಿನ ಕೆಲಸ. ಮಿಸ್ತ್ರಿ ಹೇಳಿದ ಎರಡೂವರೆ, ಮೂರು ಇದೇ ಲೆಕ್ಕ ಇರಬೇಕು. ನೀವು ಕೊಟ್ಟ ಅಂಕಿಯಲ್ಲೇ ನೋಡೋಣ. ಹನ್ನೆರಡು ಅನ್ನೋದು ಇಂಜಿನ್ ಬಿಚ್ಚದ ಗಾಡಿಯ ಬೆಲೆ. ಇಂಜಿನ್ ಕೆಲಸ ಆಗಿದೆ ಅಂದ ತಕ್ಷಣ ಕೊಳ್ಳುವವನು ಸ್ವಲ್ಪ ಇಳಿಸುತ್ತಾನೆ, ಹನ್ನೊಂದೂವರೆ ಅಂತ ಹಿಡಿಯೋಣ. ಅದರಲ್ಲಿ ಮೂರು ರಿಪೇರಿಗೆ. ಇನ್ನೊಂದು ತಿಂಗಳು ನಿಲ್ಲುವ ಕಂತು, ಡ್ರೈವರ್ ಸಂಬಳ, ಓಡಾಟಕ್ಕೆ 40,000. ಕೈಗೆ ಉಳಿಯುವುದು 8.1 ಲಕ್ಷ. ಬಿಚ್ಚಿಟ್ಟ ಸ್ಥಿತಿಯಲ್ಲೇ, ಫೋಟೊ ಸಮೇತ, ನಾಲ್ಕು ದಲ್ಲಾಳಿಗಳಿಗೆ ತೋರಿಸಿ ಮಾರಿದರೆ ಏಳೂವರೆ, ಎಂಟರ ಆಸುಪಾಸು ಬರಬಹುದು. ಅಂದರೆ ಮಾರುವುದಕ್ಕೋಸ್ಕರ ಮೂರು ಲಕ್ಷ ಸುರಿದು ರಿಪೇರಿ ಮಾಡಿಸಿದರೆ ನಿಮಗೆ ಉಳಿಯುವ ಹೆಚ್ಚಿನ ಹಣ ತೀರಾ ಕಡಿಮೆ, ರಿಸ್ಕು ಪೂರ್ತಿ ನಿಮ್ಮದು. ಖರ್ಚು ಎರಡು ಲಕ್ಷದ ಒಳಗೆ ಮುಗಿಯುವ ಹಾಗಿದ್ದರೆ ಮಾತ್ರ ಮಾಡಿಸಿ ಮಾರುವುದು ಗಿಟ್ಟುತ್ತದೆ.

ರಿಪೇರಿ ಮಾಡಿಸಿ ನೀವೇ ಓಡಿಸುತ್ತೀರಿ ಅಂದರೆ ಲೆಕ್ಕ ಬೇರೆ. ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಹೊಸ ಗಾಡಿಗೆ 30 ಲಕ್ಷ ಸಾಲ ಅಂದುಕೊಳ್ಳಿ, ಬಡ್ಡಿ 10 ಪರ್ಸೆಂಟ್, ಐದು ವರ್ಷ. ತಿಂಗಳ ಕಂತು ಸುಮಾರು 64,000 ಬರುತ್ತದೆ. ಮೂರು ಲಕ್ಷದ ಇಂಜಿನ್ ಕೆಲಸ ಅಂದರೆ ಐದು ಕಂತಿನ ದುಡ್ಡೂ ಅಲ್ಲ. ಗೇರ್‌ಬಾಕ್ಸ್, ಹೌಸಿಂಗ್, ಚಾಸಿ ಗಟ್ಟಿ ಇದ್ದರೆ, ಹಳೇ ಸಾಲ 2.2 ಲಕ್ಷ ಮಾತ್ರ ಉಳಿದಿರುವಾಗ, ಇನ್ನೊಂದು ತೊಗರಿ ಸುಗ್ಗಿ ಇದೇ ಗಾಡಿಯಲ್ಲಿ ಹೊಡೆದು ಆಮೇಲೆ ಕೊಡುವುದೂ ಒಂದು ದಾರಿ. ಸಹವಾಸ ಸಾಕು ಅಂದಿದ್ದೀರಿ, ಅದು ನಿಮ್ಮಿಷ್ಟ. ಹುಮನಾಬಾದ್ ರಸ್ತೆಯಲ್ಲಿ ರಾತ್ರಿ ಕೆಟ್ಟು ನಿಂತವರಿಗೇ ಆ ಬೇಜಾರು ಗೊತ್ತು. ಆದರೆ ಬೇಜಾರು ತಿಂಗಳೊಪ್ಪತ್ತಿನದು, ಕಂತು ಅರವತ್ತು ತಿಂಗಳದು.

ಇನ್ನು ನಿಮ್ಮ ಮಾವನ ಸಲಹೆ. ದಪ್ಪ ಆಯಿಲ್ ಸುರಿದು, ಹಳೇ ಬೇರಿಂಗ್ ಕೂರಿಸಿ, ಸ್ಟಾರ್ಟ್ ಆಗುವ ಹಾಗೆ ಮಾಡಿ ತಂದು ನಿಲ್ಲಿಸುವುದು. ಅದು ನಡೆಯುವುದಿಲ್ಲ. ಮೊದಲನೆಯದಾಗಿ ಡೀಲರಿಗೆ ಇಂಜಿನ್ ಹೋಗಿದೆ ಅಂತ ಈಗಾಗಲೇ ಗೊತ್ತು, ನೀವೇ ಹೇಳಿದ್ದೀರಿ. ಬೇರೆ ಕಡೆ ಹೋದರೂ ನೋಡಲು ಬರುವ ದಲ್ಲಾಳಿ ಆಯಿಲ್ ಮುಚ್ಚಳ ತೆಗೆದು ಹೊಗೆ ನೋಡುತ್ತಾನೆ, ಹೊಸ ಗ್ಯಾಸ್ಕೆಟ್ ಅಂಚಿನ ಅಂಟು ನೋಡುತ್ತಾನೆ, ಬೋಲ್ಟಿನ ತಲೆ ಮೇಲೆ ಪಾನಾ ಗುರುತು ನೋಡುತ್ತಾನೆ. ಸಿಕ್ಕಿಬಿದ್ದರೆ ಆಮೇಲೆ ನೀವು ಹೇಳುವ ಖರೆ ಮಾತಿಗೂ ಬೆಲೆ ಇರುವುದಿಲ್ಲ. ಸಿಕ್ಕಿಬೀಳದೆ ಮಾರಿಬಿಟ್ಟರೆ, ಕೊಂಡವನ ಗಾಡಿ ಹದಿನೈದು ದಿನಕ್ಕೆ ಮತ್ತೆ ಜಾಮ್ ಆದಾಗ ಅವನು ನಿಮ್ಮ ಮನೆ ಬಾಗಿಲಿಗೇ ಬರುತ್ತಾನೆ. ಲಾರಿ ಲೈನ್ ಸಣ್ಣದು. ಸೇಡಂನಲ್ಲಿ ಲೋಡಿಗೆ ನಿಂತವರು ಎಲ್ಲರೂ ಎಲ್ಲರಿಗೂ ಗೊತ್ತು. ಮಾವನವರಿಗೆ ನನ್ನ ನಮಸ್ಕಾರ ಹೇಳಿ, ಸಲಹೆ ಬೇಡ ಅನ್ನಿ.

ಇನ್ನು ಬೆಲೆ ಕೇಳುವ ಕೆಲಸ. ಡೀಲರ್ ಯಾರನ್ನು ಕೇಳುತ್ತಾನೋ ಅವರನ್ನೇ ನೀವು ನೇರವಾಗಿ ಕೇಳಿ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಗ್ಯಾರೇಜುಗಳಲ್ಲಿ, ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ಕೇಳಿದರೆ ಹಳೇ ಗಾಡಿ ಕೊಳ್ಳುವವರ ನಂಬರ್ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ಹುಮನಾಬಾದ್ ಇರುವುದು ನಿಮಗೆ ಲಾಭ. ಸೊಲ್ಲಾಪುರದವರೂ ಜಹೀರಾಬಾದಿನವರೂ ಬಂದು ನೋಡಿಹೋಗಬಹುದು. ಗಾಡಿ ತಯಾರಿಸುವ ಕೆಲವು ಕಂಪನಿಗಳೇ ಹಳೇ ಗಾಡಿ ಕೊಳ್ಳುವ ವಿಭಾಗ ಇಟ್ಟಿವೆ. ಟಾಟಾದವರದು ಟಾಟಾ ಓಕೆ, ಅಶೋಕ್ ಲೇಲ್ಯಾಂಡ್‌ನವರದು ರೀ-ಎಎಲ್. ಅಲ್ಲಿಂದಲೂ ಒಂದು ರೇಟು ತೆಗೆದುಕೊಳ್ಳಿ. ಎಲ್ಲರಿಗೂ ಒಂದೇ ಫೋಟೊ, ಒಂದೇ ವಿಡಿಯೊ, ಒಂದೇ ಮಾತು. ಹೆಡ್ಡು ಹೀಗಿದೆ, ಕ್ರ್ಯಾಂಕ್ ಹೀಗಿದೆ, ಟೈರ್ ಇಷ್ಟು ಪರ್ಸೆಂಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇಂಥ ದಿನದವರೆಗೆ, ಇನ್ಶೂರೆನ್ಸ್ ಇಂಥ ದಿನದವರೆಗೆ. ಎಫ್‌ಸಿ ಮುಗಿಯಲು ಬಂದಿದ್ದರೆ ಬೆಲೆ ಇಳಿಯುತ್ತದೆ, ನಿಂತ ಗಾಡಿಯನ್ನು ಎಫ್‌ಸಿಗೆ ಒಯ್ಯಲಾಗುವುದಿಲ್ಲವಲ್ಲ.

ಬೆಲೆಗೆ ಕಾಲವೂ ಮುಖ್ಯ. ನಮ್ಮ ಕಡೆ ಡಿಸೆಂಬರಿನಿಂದ ತೊಗರಿ ಬರುತ್ತದೆ, ಬೀದರ್ ಕಡೆ ಕಬ್ಬಿನ ಸೀಸನ್ನೂ ಅದೇ ಸುಮಾರಿಗೆ. ಅದಕ್ಕಿಂತ ಒಂದೆರಡು ತಿಂಗಳು ಮುಂಚೆ ಹಳೇ ಗಾಡಿಗೆ ಗಿರಾಕಿ ಜಾಸ್ತಿ. ಮಳೆಗಾಲದಲ್ಲಿ ಸಿಮೆಂಟ್ ಲೋಡು ಇಳಿದಾಗ ಎಲ್ಲರೂ ಮಾರುವವರೇ. ಹೊಸ ಗಾಡಿಗೆ ಲೆಕ್ಕ ಇನ್ನೊಂದು ಥರ. ಡೀಲರಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಮಾರ್ಚ್ ಕೊನೆಗೆ ವರ್ಷದ್ದು. ‘ಈ ವಾರದೊಳಗೆ’ ಅಂದಿದ್ದಾರಲ್ಲ, ಆ ಅವಸರ ಅವರದು. ನೀವು ಸುಮ್ನೆ ಇದ್ದರೆ ತಿಂಗಳ ಕೊನೆಯಲ್ಲಿ ಅವರೇ ಫೋನ್ ಮಾಡುತ್ತಾರೆ.

ದಲ್ಲಾಳಿಗಳು ಒಂದು ಮಾತು ಹೇಳುತ್ತಾರೆ: ‘ಹೊಸ ಗಾಡಿ ರೇಟೇ ಇಳಿದದ, ಹಳೇದಕ್ಕ ಎಲ್ಲಿಂದ ಬರಬೇಕ್ರಿ?’ ಇದು ಸುಳ್ಳಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಹೊಸದು ಅಗ್ಗವಾದರೆ ಹಳೇದರ ಬೆಲೆಯೂ ಜಗ್ಗುತ್ತದೆ. ಹಾಗಾಗಿ ನೀವು ಕೇಳಿದ ಆ ಹನ್ನೆರಡು ಯಾವಾಗಿನ ಮಾತು ಅಂತ ವಿಚಾರಿಸಿ. ಅದಕ್ಕಿಂತ ಹಿಂದಿನ ವ್ಯಾಪಾರದ ರೇಟಾಗಿದ್ದರೆ ಅದನ್ನು ಹಿಡಿದು ವಾದ ಮಾಡಲಾಗುವುದಿಲ್ಲ.

ಈಗ ನಿಜವಾದ ಚೌಕಾಸಿ. ಇಲ್ಲಿ ಒಂದೇ ಅಂಕಿ ನೋಡಬೇಕು: ಕೊನೆಗೆ ನಿಮ್ಮ ಕೈಯಿಂದ ಹೋಗುವ ಹಣ. ಈಗಿನ ಮಾತಿನ ಪ್ರಕಾರ ಹೊಸದು 38, ಹಳೇದು ಬೋನಸ್ ಸೇರಿ 7, ನೀವು ಕೊಡುವುದು 31 ಲಕ್ಷ. ಇನ್ನೊಂದು ಶೋರೂಮಿಗೆ ಹೋಗಿ, ಬೀದರಿನದ್ದಾದರೂ ಸರಿ, ಸೊಲ್ಲಾಪುರದ್ದಾದರೂ ಸರಿ. ಹಳೇ ಗಾಡಿಯ ಸುದ್ದಿ ಎತ್ತದೆ ಅದೇ ಮಾಡೆಲಿಗೆ ರೇಟು ಕೇಳಿ. 36.8 ಅಂದರು ಅಂತಿಟ್ಟುಕೊಳ್ಳಿ. ಹಳೇದನ್ನು ದಲ್ಲಾಳಿ 7.8ಕ್ಕೆ ಒಪ್ಪಿದ. ಆಗ ಕೈಯಿಂದ ಹೋಗುವುದು 29. ಎರಡು ಲಕ್ಷದ ವ್ಯತ್ಯಾಸ! ಈ ಲೆಕ್ಕದೊಂದಿಗೆ ಮೊದಲ ಡೀಲರ್ ಹತ್ತಿರ ಹೋದರೆ ಅವರು ಹಳೇ ಗಾಡಿಗೆ ದಿಢೀರನೆ ಎಂಟೂವರೆ ಕೊಡುತ್ತೇವೆ ಅನ್ನಬಹುದು. ಖುಷಿಪಟ್ಟು ಕೈ ಕುಲುಕಬೇಡಿ. ಹೊಸದರ ಬಿಲ್ಲು 39 ಆಗಿದೆಯಾ ನೋಡಿ. 39ರಲ್ಲಿ ಎಂಟೂವರೆ ಕಳೆದರೆ ಮೂವತ್ತೂವರೆ, ಈಗಲೂ ಒಂದೂವರೆ ಲಕ್ಷ ಜಾಸ್ತಿ. ಹಳೇದಕ್ಕೆ ಏರಿಸಿದ್ದನ್ನು ಹೊಸದರಲ್ಲಿ ವಸೂಲಿ ಮಾಡುವುದು ಈ ಧಂದೆಯ ಹಳೇ ರೂಢಿ.

ಆನ್‌ರೋಡ್ ಅನ್ನುವ ಒಂದು ಮಾತಿನಡಿ ಬಹಳ ಅಡಗಿರುತ್ತದೆ. ಬಿಡಿಬಿಡಿಯಾಗಿ ಬರೆದುಕೊಡಿ ಅನ್ನಿ. ಚಾಸಿ ಎಷ್ಟು, ಬಾಡಿ ಕಟ್ಟಲು ಎಷ್ಟು, ತೆರಿಗೆ ಎಷ್ಟು, ಇನ್ಶೂರೆನ್ಸ್ ಎಷ್ಟು, ‘ಇತರೆ’ ಎಷ್ಟು. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತೇನಿಲ್ಲ. ಬಾಡಿಯನ್ನೂ ನೀವೇ ಹೊರಗೆ ಕಟ್ಟಿಸಬಹುದು. ಗಾಡಿ ತಯಾರಾದ ತಿಂಗಳು ಯಾವುದು ಅಂತ ಕೇಳುವುದನ್ನು ಮರೆಯಬೇಡಿ. 2025ರ ಅಕ್ಟೋಬರ್ 1ರ ನಂತರ ತಯಾರಾದ ಈ ತೂಕದ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಅದಕ್ಕಿಂತ ಹಿಂದೆ ತಯಾರಾಗಿ ಯಾರ್ಡಿನಲ್ಲಿ ನಿಂತ ಗಾಡಿ ಕೊಡುತ್ತಿದ್ದರೆ ಬೇಡ ಅನ್ನಬೇಕಾಗಿಲ್ಲ. ಆದರೆ ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಎಸಿ ಇಲ್ಲದ ಗಾಡಿಗೆ ಎಸಿ ಗಾಡಿಯ ದುಡ್ಡು ಯಾಕೆ ಕೊಡುತ್ತೀರಿ?

ಮಾತಿಗೆ ಕೂತಾಗ ಹೀಗೆ ಶುರು ಮಾಡಿ: ‘ಸಾಹೇಬ್ರ, ಇಂಜಿನ್ ಬಿಚ್ಚೀವಿ, ಇಲ್ಲಿ ಫೋಟೊ ಅದಾವ. ಹೊರಗ ಇಷ್ಟಕ್ಕ ಕೇಳ್ಯಾರ. ಹೊಸಾದು ಬ್ಯಾರೆ ಕಡಿ ಇಷ್ಟಕ್ಕ ಅದ. ಕೈಯಿಂದ ನಾ ಎಷ್ಟ್ ಕೊಡಬೇಕು, ಒಂದೇ ಮಾತು ಹೇಳ್ರಿ.’ ಆಮೇಲೆ ಸುಮ್ಮನೆ ಕೂತುಬಿಡಿ. ಅವರು ಕಂತಿನ ಮಾತು ತೆಗೆಯುತ್ತಾರೆ: ‘ತಿಂಗಳಿಗೆ ಬರೇ ಇಷ್ಟು ಜಾಸ್ತಿ ಆಗ್ತದ ಸಾವ್ಕಾರ್ರ.’ ಕಂತಿನ ಮಾತಿಗೆ ಹೋಗಬೇಡಿ. ಅವಧಿ ಒಂದು ವರ್ಷ ಎಳೆದರೆ ಯಾವ ಕಂತಾದರೂ ಸಣ್ಣದಾಗಿ ಕಾಣುತ್ತದೆ. ಡೀಲರ್ 30ಕ್ಕೆ ಬಂದು, ಹಳೇ ಗಾಡಿ ಎಳೆದೊಯ್ಯುವ ಖರ್ಚು, ಸಾಲ ತೀರಿಸುವ ಓಡಾಟ ತಾವೇ ನೋಡಿಕೊಳ್ಳುತ್ತೇವೆ ಅಂದರೆ ನಾನಾದರೆ ಕೊಟ್ಟುಬಿಡುತ್ತೇನೆ. ಎರಡು ಕಡೆ ಓಡಾಡುವ ತಾಪತ್ರಯಕ್ಕೂ ಒಂದು ಬೆಲೆ ಇದೆ.

ಒಪ್ಪಿದ ಬೆಲೆ ಕಾಗದದ ಮೇಲೆ ಬರಬೇಕು: ‘ಗಾಡಿ ಇಂಜಿನ್ ಬಿಚ್ಚಿದ ಸ್ಥಿತಿಯಲ್ಲಿ, ಹುಮನಾಬಾದಿನಲ್ಲಿ, ಇದ್ದಂತೆ.’ ಇದು ಯಾಕೆ ಬೇಕು ಅಂದರೆ, ಒಪ್ಪಿದ ಮೇಲೆ ಒಯ್ಯಲು ಬಂದವನು ಟೈರ್ ಸವೆದಿದೆ, ಬ್ಯಾಟರಿ ಸತ್ತಿದೆ ಅಂತ 50,000 ಕಡಿತ ಹೇಳುವುದು ಮಾಮೂಲಿ. ಹತ್ತೂ ಟೈರಿನ ಮತ್ತು ಸ್ಟೆಪ್ನಿಯ ಸೀರಿಯಲ್ ನಂಬರ್, ಬ್ಯಾಟರಿ ನಂಬರ್ ಬರೆದು ಆ ಕಾಗದಕ್ಕೇ ಲಗತ್ತಿಸಿ. ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟೈರುಗಳು ತಾವಾಗಿಯೇ ಹಳೇದಾಗುವ ಚಮತ್ಕಾರ ನಾನು ನೋಡಿದ್ದೇನೆ.

ಸ್ಕ್ರ್ಯಾಪ್ ಬಗ್ಗೆ ಎರಡೇ ಮಾತು. 2019ರ ಗಾಡಿಯನ್ನು ಗುಜರಿಗೆ ಹಾಕಬೇಡಿ. ಸರ್ಕಾರದ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರದಲ್ಲಿ ಹಾಕಿ ಸರ್ಟಿಫಿಕೇಟ್ ಆಫ್ ಡಿಪಾಸಿಟ್ (ಗಾಡಿ ಗುಜರಿಗೆ ಒಪ್ಪಿಸಿದ ಪತ್ರ) ತಂದರೆ ಹೊಸ ಗಾಡಿಗೆ ಅನುಕೂಲ ಇದೆ ನಿಜ. 2024ರ ಆಗಸ್ಟ್‌ನಲ್ಲಿ ಕಂಪನಿಗಳು ಮೂರೂವರೆ ಟನ್‌ಗಿಂತ ಭಾರದ ಗಾಡಿಗಳಿಗೆ ಎಕ್ಸ್‌ಶೋರೂಂ ಬೆಲೆಯ 3 ಪರ್ಸೆಂಟ್ ರಿಯಾಯಿತಿಯನ್ನು ಎರಡು ವರ್ಷದ ಮಟ್ಟಿಗೆ ಒಪ್ಪಿದ್ದವು. ಆದರೆ ಬಾಡಿ, ಗೇರ್‌ಬಾಕ್ಸ್ ಚೆನ್ನಾಗಿರುವ ಗಾಡಿಗೆ ತೂಕದ ಲೆಕ್ಕದಲ್ಲಿ ಬರುವ ದುಡ್ಡು ಏಳು ಲಕ್ಷದ ಹತ್ತಿರವೂ ಬರುವುದಿಲ್ಲ. ಇದು ತೀರಾ ಹಳೇ ಗಾಡಿಯವರಿಗೆ.

ಇನ್ಶೂರೆನ್ಸಿನಲ್ಲಿ ಇಂಜಿನ್ ಖರ್ಚು ಬರುತ್ತಾ ಅಂತ ಯೋಚಿಸಿರಬಹುದು. ಸಾಮಾನ್ಯ ಪಾಲಿಸಿಯಲ್ಲಿ ತಾನಾಗಿ ಕೆಟ್ಟದ್ದಕ್ಕೆ, ಸವೆತಕ್ಕೆ ದುಡ್ಡು ಇಲ್ಲ. ಕ್ಲೇಮ್ ಹಾಕಿ ನೋ ಕ್ಲೇಮ್ ಬೋನಸ್ (ಎನ್‌ಸಿಬಿ, ಕ್ಲೇಮ್ ಹಾಕದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಳೆದುಕೊಳ್ಳಬೇಡಿ. ಆ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಹಳೇ ಗಾಡಿ ಮಾರಿದಾಗ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದು ಹೊಸ ಗಾಡಿಯ ಪ್ರೀಮಿಯಂನಲ್ಲಿ ಇಳಿಸಿಕೊಳ್ಳಿ. ಎಕ್ಸ್‌ಚೇಂಜ್ ಗದ್ದಲದಲ್ಲಿ ಇದನ್ನು ಮರೆತು ಸಾವಿರಾರು ರೂಪಾಯಿ ಕಳೆದುಕೊಳ್ಳುವವರೇ ಜಾಸ್ತಿ.

ಕೊನೆಗೆ ಆ ಸಹಿ. ಡೀಲರ್ ಕೇಳಿದ್ದು ಫಾರಂ 29 ಮತ್ತು 30 ಇರಬೇಕು, ಮಾಲೀಕತ್ವ ವರ್ಗಾವಣೆಯವು. ಬೇರೆ ರಾಜ್ಯಕ್ಕೆ ಹೋಗುವುದಾದರೆ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಫಾರಂ 28 ಕೂಡ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡರೆ ಗಾಡಿ ಕೈಯಿಂದ ಕೈಗೆ ಹೋಗುತ್ತಿರುತ್ತದೆ, ಆರ್‌ಸಿಯಲ್ಲಿ ಮಾತ್ರ ನಿಮ್ಮ ಹೆಸರೇ ಇರುತ್ತದೆ. ಆ ಗಾಡಿ ಎಲ್ಲೋ ಯಾರಿಗೋ ಗುದ್ದಿತು ಅಂತಿಟ್ಟುಕೊಳ್ಳಿ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರ ಕೊಡಬೇಕಾದ ಮಾಲೀಕ ಅವರೇ. ಮಾರಿಬಿಟ್ಟಿದ್ದೆ ಅನ್ನುವ ಮಾತು ಅಲ್ಲಿ ನಡೆಯಲಿಲ್ಲ. ಕೊಳ್ಳುವವರ ಹೆಸರು, ವಿಳಾಸ, ತಾರೀಕು ತುಂಬಿದ ಫಾರಂಗೆ ಮಾತ್ರ ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಮಾರಾಟದ ವಿಷಯವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರುವವರ ಜವಾಬ್ದಾರಿ.

ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಕೊಳ್ಳುವ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯುವ ವ್ಯವಸ್ಥೆ ಬಂದಿದೆ. ಅಂಥ ಡೀಲರಿಗೆ ಗಾಡಿ ಒಪ್ಪಿಸಿ ಫಾರಂ 29ಸಿ ಸಲ್ಲಿಸಿದರೆ ಅಲ್ಲಿಂದ ಮುಂದಕ್ಕೆ ಅವರನ್ನೇ ಮಾಲೀಕ ಅಂತ ಪರಿಗಣಿಸುತ್ತಾರೆ. ನಿಮ್ಮ ಡೀಲರ್ ಹತ್ತಿರ ಆ ಪತ್ರ ಇದೆಯಾ ಕೇಳಿ. ಇದ್ದರೆ ಅವರಿಗೆ 20,000 ಕಡಿಮೆಗೆ ಕೊಟ್ಟರೂ ನಷ್ಟವಿಲ್ಲ ಅಂತ ನನ್ನ ಲೆಕ್ಕ.

2.2 ಲಕ್ಷ ಸಾಲದ ಫೋರ್‌ಕ್ಲೋಶರ್ ಪತ್ರವನ್ನು (ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅನ್ನುವ ಪತ್ರ) ಫೈನಾನ್ಸಿನವರಿಂದ ಈಗಲೇ ತರಿಸಿಕೊಳ್ಳಿ, ಬಾಕಿಯ ಮೇಲೆ ದಂಡ ಬಡ್ಡಿ ಸೇರಿ ಅಂಕಿ ಬೇರೆಯೇ ಬರಬಹುದು. ಆ ದುಡ್ಡನ್ನು ಡೀಲರ್ ನೇರವಾಗಿ ಸಾಲದ ಖಾತೆಗೆ ಕಟ್ಟಲಿ, ಎನ್‌ಒಸಿ ಮತ್ತು ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವುದು) ನಿಮ್ಮ ಕೈಗೆ ಬರಲಿ. ‘ನಾವು ಕಟ್ಟುತ್ತೇವೆ ಬಿಡ್ರಿ’ ಅನ್ನುವ ಬಾಯಿಮಾತಿನ ಮೇಲೆ ಗಾಡಿ ಬಿಟ್ಟರೆ ಕಂತು ತಪ್ಪಿದ ಫೋನು ನಿಮಗೇ ಬರುತ್ತದೆ, ಸಿಬಿಲ್ (ಸಾಲ ತೀರಿಸುವ ದಾಖಲೆಯ ಸ್ಕೋರು) ಕೆಡುವುದೂ ನಿಮ್ಮದೇ. ಹೊಸ ಗಾಡಿಯ ಸಾಲಕ್ಕೆ ಅದೇ ಅಡ್ಡ ಬರುತ್ತದೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಚಲನ್ ಬಾಕಿ, ತೆರಿಗೆ ಬಾಕಿ ನೋಡಿ ತೀರಿಸಿ. ನ್ಯಾಷನಲ್ ಪರ್ಮಿಟ್ ಏನು ಮಾಡಬೇಕು ಅಂತ ಆರ್‌ಟಿಒದಲ್ಲೇ ಕೇಳಿ. ಗಾಡಿ ಒಪ್ಪಿಸಿದ ದಿನವೇ ಫಾಸ್ಟ್ಯಾಗ್ ಬಂದ್ ಮಾಡಿಸಿ.

ಇಂಜಿನ್ ಬಿಚ್ಚಿದ ಮೇಲೆ ಮತ್ತೆ ಬರೆಯಿರಿ. ಕ್ರ್ಯಾಂಕ್ ಜರ್ನಲ್, ಬೋರಿನ ಗೋಡೆ, ಬ್ಲಾಕಿನ ಹೊರಮೈ ಈ ಮೂರರ ಫೋಟೊ ಇರಲಿ. ಎಫ್‌ಸಿ ಯಾವ ತಾರೀಕಿನವರೆಗೆ ಇದೆ ಅಂತಲೂ ತಿಳಿಸಿ, ಪತ್ರದಲ್ಲಿ ಅದನ್ನು ಬರೆದಿಲ್ಲ.